ಗೋಧಿಯ ಕಾಂಡವೆಂಬ ಹಗೇವು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೆ ಧಾನ್ಯವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು, ಕೊರತೆಯ ಕಾಲದಲ್ಲಿ ಅದರ ಬಾಯಿ ತೆರೆಯುತ್ತಿದ್ದರು. ಅದೇ ಸೀಮೆಯ ಎರೆಹೊಲಗಳ ಗೋಧಿಯೂ ಇಂಥದೊಂದು ಹಗೇವನ್ನು ತನ್ನ ಕಾಂಡದಲ್ಲಿ ಹೊಂದಿದೆ. ತಳಿಗಳ ಯೋಗ್ಯತೆಯನ್ನು ಅಳೆಯುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ನಮ್ಮ ವಾದ.

ಎಲೆಗಳು ತಯಾರಿಸುವ ಸಕ್ಕರೆಯೆಲ್ಲವೂ ಆಗಿಂದಾಗಲೇ ವ್ಯಯವಾಗುವುದಿಲ್ಲ. ಹೂ ಬಿಡುವ ಮುನ್ನವೂ ಅನಂತರದ ಒಂದೆರಡು ವಾರಗಳಲ್ಲಿಯೂ ಮಿಕ್ಕ ಸಕ್ಕರೆಯು ಕಾಂಡದಲ್ಲಿ ಶೇಖರವಾಗುತ್ತದೆ. ಅದರ ಬಹುಭಾಗವು ನೀರಿನಲ್ಲಿ ಕರಗುವ ಫ್ರಕ್ಟಾನ್. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸಿನ ಅಣುಗಳು ಸರಪಳಿಯಂತೆ ಕೂಡಿ ಆದುದು. ಕಾಳು ತುಂಬುವಾಗ ಕಿಣ್ವಗಳು ಈ ಸರಪಳಿಯನ್ನು ಕಡಿಯುತ್ತವೆ. ಆ ಸಕ್ಕರೆಯು ಸುಕ್ರೋಸಿನ ರೂಪ ತಾಳಿ ತೆನೆಗೆ ಸಾಗುತ್ತದೆ.

ನೀರು ಸಾಕಷ್ಟಿದ್ದರೆ ಕಾಳಿನ ತೂಕದಲ್ಲಿ ಈ ದಾಸ್ತಾನಿನ ಪಾಲು ಸಾಮಾನ್ಯವಾಗಿ ನೂರಕ್ಕೆ 10ರಿಂದ 20. ನೀರು ಬತ್ತಿ ಎಲೆಗಳು ಒಣಗಿದಲ್ಲಿ ಅದು ಅರ್ಧದಷ್ಟಕ್ಕೂ ಏರಬಹುದು. ಧಾರವಾಡ, ವಿಜಯಪುರಗಳ ಮಳೆಯಾಶ್ರಿತ ಗೋಧಿಯ ಸ್ಥಿತಿ ಇಂಥದೇ. ಹಿಂಗಾರು ನಿಂತ ಮೇಲೆ ಎರೆಮಣ್ಣು ಹಿಡಿದಿಟ್ಟ ತೇವವೇ ಅದಕ್ಕೆ ಆಧಾರ. ಕಾಳು ತುಂಬುವ ಹೊತ್ತಿಗೆ ಆ ತೇವವು ತೀರುತ್ತ ಬಂದಿರುತ್ತದೆ, ಬಿಸಿಲೂ ಏರತೊಡಗಿರುತ್ತದೆ.

1960ರ ದಶಕದಲ್ಲಿ ಬಂದ ಗಿಡ್ಡ ತಳಿಗಳು ಪಂಜಾಬಿನ ನೀರಾವರಿ ಹೊಲಗಳಲ್ಲಿ ದೇಶದ ಹಸಿವನ್ನು ತಗ್ಗಿಸಿದುವು. ಆ ಉಪಕಾರವನ್ನು ಮರೆಯಲಾಗದು. ಆದರೆ ನೀರಾವರಿಯ ಅಳತೆಗೋಲನ್ನೇ ಒಣಹೊಲಕ್ಕೂ ಹಿಡಿಯುವುದು ಯುಕ್ತವಲ್ಲ. ಹಾಗೆಂದು ಕಾಂಡ ಉದ್ದವಾದಷ್ಟೂ ಲಾಭವೆಂದು ಭಾವಿಸಕೂಡದು. ಬೆಳೆಯುವ ಕಾಂಡವು ತೆನೆಯ ಆಹಾರದಲ್ಲಿ ಪಾಲು ಕೇಳುತ್ತದೆ. ತೆನೆಯಲ್ಲಿ ಕಾಳುಗಳು ವಿರಳವಾದರೆ ಸಕ್ಕರೆಯು ಹುಲ್ಲಿನಲ್ಲಿಯೇ ಉಳಿಯುತ್ತದೆ. ಕೂಡಿಡುವುದು ಒಂದು ಗುಣ, ಸಕಾಲಕ್ಕೆ ಬಿಟ್ಟುಕೊಡುವುದು ಮತ್ತೊಂದು.

ಇವನ್ನು ಪರೀಕ್ಷಿಸುವ ಸುಲಭೋಪಾಯವೂ ಉಂಟು. ಇಸ್ರೇಲಿನ ಅಬ್ರಹಾಂ ಬ್ಲಂ ಮತ್ತು ಅವರ ಸಂಗಡಿಗರು 1983ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಹೂ ಬಿಟ್ಟು ಸುಮಾರು ಎರಡು ವಾರಗಳಾದ ಮೇಲೆ ರಾಸಾಯನಿಕವೊಂದನ್ನು ಸಿಂಪಡಿಸಿ ಪೈರನ್ನು ಒಣಗಿಸುತ್ತಾರೆ. ಆಗ ಯಾವ ತಳಿಯ ಕಾಳಿನ ತೂಕವು ಕಡಿಮೆ ಕುಗ್ಗುವುದೋ ಅದರ ಹಗೇವು ನಂಬತಕ್ಕದ್ದು.

ಬಾಗಲಗುಂಟೆಯ ವಿದ್ಯಾರ್ಥಿಯೂ ಕುಂಡದಲ್ಲಿ ಗೋಧಿ ಬೆಳೆದು, ಕೆಲವು ಗಿಡಗಳ ಎಲೆಗಳನ್ನು ಕತ್ತರಿಸಿ, ಕಾಳುಗಳನ್ನು ತೂಗಿ ಇದರ ಸುಳಿವು ಪಡೆಯಬಹುದು; ಹಸುರು ತೆನೆಯೂ ತುಸು ಸಕ್ಕರೆ ತಯಾರಿಸುವುದೆಂಬುದನ್ನು ಮಾತ್ರ ಮರೆಯಬಾರದು. ನಮ್ಮ ಕೃಷಿ ಸಂಶೋಧನ ಕೇಂದ್ರಗಳು ಒಣಭೂಮಿಯ ಪ್ರತಿಯೊಂದು ತಳಿಯ ಇಳುವರಿಯೊಡನೆ ಈ ಪರೀಕ್ಷೆಯ ಫಲವನ್ನೂ ಪ್ರಕಟಿಸಲಿ. ಮಳೆ ಕೈಕೊಟ್ಟ ವರ್ಷ ರೈತನಿಗೆ ಬೇಕಾದುದು ಆ ಅಂಕಿಯೇ.