ಚಲಚ್ಚಿತ್ರವೂ ಚರಿತ್ರೆಯೂ

ನಿಜವಾಗಿ ಬಾಳಿದವರ ಜೀವನವನ್ನು ಆಧರಿಸಿದ ಚಲಚ್ಚಿತ್ರಗಳಿಂದ ಸಮಾಜಕ್ಕೆ ಉಪಕಾರವಾಗಿದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. 1961ರಲ್ಲಿ ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ತೆರೆಗೆ ಬಂದ ಮೇಲೆ, ಚರಿತ್ರೆಯ ಪುಸ್ತಕವನ್ನು ಮುಟ್ಟದವರಿಗೂ ಆ ರಾಣಿಯ ಪರಿಚಯವಾಯಿತು. ಆದರೆ ಅವರ ಮನಸ್ಸಿನಲ್ಲಿ ನಿಂತ ಮುಖ ಬಿ. ಸರೋಜಾದೇವಿಯವರದು! ಉಪಕಾರದ ಬೆನ್ನಿಗೇ ಬರುವ ಅಪಾಯವೂ ಇದೇ ಆಗಿದೆ.

ನಮ್ಮ ಕಾಲದ ಉದಾಹರಣೆಯೊಂದನ್ನು ಪರಿಶೀಲಿಸೋಣ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥರು ಭೂಸೇನೆಯಲ್ಲಿದ್ದು, 1971ರ ಯುದ್ಧದಲ್ಲಿ ಭಾಗವಹಿಸಿ, ಬಳಿಕ ಬೇಸಾಯ ಮಾಡಿ, ನಮ್ಮ ಶಿಡ್ಲಘಟ್ಟದ ರೈತರಂತೆ ರೇಷ್ಮೆಹುಳು ಸಾಕಿದವರು. 2003ರಲ್ಲಿ ಏರ್ ಡೆಕ್ಕನ್ ಎಂಬ ಅಗ್ಗದ ದರದ ವಿಮಾನ ಸಂಸ್ಥೆಯನ್ನು ಆರಂಭಿಸಿದವರು. ಅವರ ಆತ್ಮಕಥೆಯನ್ನು ಆಧರಿಸಿ 2020ರಲ್ಲಿ ಬಂದ ತಮಿಳಿನ ‘ಸೂರರೈ ಪೋಟ್ರು’ ಚಿತ್ರದ ನಾಯಕನಾದರೋ ಮಧುರೆಯ ಕಡೆಯ ಹಳ್ಳಿಯವನು, ವಾಯುಸೇನೆಯಲ್ಲಿದ್ದವನು! ಚಿತ್ರವು ವಿಜಯದಲ್ಲಿಯೇ ಮುಗಿಯುತ್ತದೆ. 2007ರಿಂದ ಆ ಸಂಸ್ಥೆ ಕಿಂಗ್‌ಫಿಷರಿನ ಪಾಲಾದ ಕಥೆ ಅದರಲ್ಲಿಲ್ಲ.

ನಿರ್ದೇಶಕರು ನಾಯಕನ ಹೆಸರನ್ನು ಬದಲಿಸಿದ್ದಾರೆ, ಇನ್ನು ಆಕ್ಷೇಪವೇಕೆ ಎಂದು ಮಿತ್ರರು ಕೇಳಬಹುದು. ಹೆಸರು ಬದಲಿಸಿದುದು ಪ್ರಾಮಾಣಿಕತೆಯೇ ಸರಿ. ಮೂರು ಗಂಟೆಯೊಳಗೆ ಒಂದು ಬಾಳನ್ನು ಹೇಳುವಾಗ ಘಟನೆಗಳನ್ನು ಕೂಡಿಸುವುದು, ಬಿಡುವುದು ಅನಿವಾರ್ಯವೆಂದೂ ನಾನು ಒಪ್ಪುತ್ತೇನೆ. ಆದರೆ ನೋಡಿ ಬಂದವರು “ಇದು ಗೋಪಿನಾಥರ ಕಥೆ” ಎಂದೇ ಹೇಳುತ್ತಾರಲ್ಲವೆ? ಅದೃಷ್ಟವಶಾತ್ ಅವರು ತಮ್ಮ ಕಥೆಯನ್ನು ತಾವೇ ಬರೆದಿದ್ದಾರೆ. ಬೇಕಾದವರು ಹೋಲಿಸಿ ನೋಡಬಹುದು.

ಹಾಗೆ ಬರೆದಿಡದೆ ಹೋದವರ ಗತಿಯೇನು? ಕುಡುಮಲಕುಂಟೆಯವನಾದ ನನ್ನನ್ನು ಕಾಡುವ ಪ್ರಶ್ನೆ ಇದು. ನಮ್ಮ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರ ಸಂಖ್ಯೆಯನ್ನು ಸರ್ಕಾರ ಒಂದು ಹೇಳಿತು, ಜನ ಮತ್ತೊಂದು ಹೇಳಿದರು. ಮಡಿದವರು ಸಾಮಾನ್ಯ ಹಳ್ಳಿಗರು, ಅವರ ಆತ್ಮಕಥೆಗಳಿಲ್ಲ. ನಾಳೆ ಯಾರಾದರೂ ಈ ಘಟನೆಯನ್ನು ಚಿತ್ರವಾಗಿಸಿ, ಒಬ್ಬ ನಾಯಕನನ್ನೂ ಅವನಿಗೊಬ್ಬ ನಾಯಕಿಯನ್ನೂ ಕಲ್ಪಿಸಿ, ಉಳಿದವರನ್ನು ಗುಂಪಿನಲ್ಲಿ ಸೇರಿಸಿಬಿಟ್ಟರೆ, ಅದು ಹಾಗಲ್ಲವೆಂದು ಹೇಳಲು ನಮ್ಮ ಕೈಯಲ್ಲಿ ಏನಿದೆ?

ಚಿತ್ರಗಳನ್ನು ತಡೆಯಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಆದರೆ ಯಾವುದು ನಡೆದದ್ದು, ಯಾವುದು ಕಲ್ಪಿತ ಎಂಬುದನ್ನು ನಿರ್ಮಾಪಕರು ಎಲ್ಲರಿಗೂ ಕಾಣುವಂತೆ ತಿಳಿಸಲಿ. ನಮ್ಮ ಕಾಲೇಜಿನ ಚರಿತ್ರೆಯ ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ವಿದುರಾಶ್ವತ್ಥದ ಸುತ್ತಣ ಹಳ್ಳಿಗಳಿಗೆ ಹೋಗಿ, ಮಡಿದವರ ಮಕ್ಕಳು ಮೊಮ್ಮಕ್ಕಳಿಂದ ಕೇಳಿ ಬರೆದಿಡಲಿ. ಪ್ರಶ್ನಿಸದೆ ಏನನ್ನೂ ನಂಬಬಾರದೆಂದು ಜೀವನವಿಡೀ ಬೋಧಿಸಿದ ಡಾ. ಎಚ್. ನರಸಿಂಹಯ್ಯನವರು ಇದೇ ತಾಲ್ಲೂಕಿನ ಹೊಸೂರಿನವರು. ಆ ಪ್ರಶ್ನೆಯನ್ನು ಬೆಳ್ಳಿತೆರೆಯ ಮುಂದೆ ಕುಳಿತಾಗಲೂ ನಾವು ಮರೆಯಬಾರದು.