ಗುಳಿಗೆ ಪುಕ್ಕಟೆ, ಪರೀಕ್ಷೆ ದೂರ

ನವಲಗುಂದ, ಅಣ್ಣಿಗೇರಿ ಕಡೆಯ ಎರಿಹೊಲದಲ್ಲಿ ಹತ್ತಿ ಬೆಳೆದವರಿಗೆ ಹೆಪಟೈಟಿಸ್ ಸಿ ಚಿಕಿತ್ಸೆಯ ತರ್ಕ ಹೊಸದಲ್ಲ. 2002ರಲ್ಲಿ ಬಂದ ಬಿಟಿ ಹತ್ತಿಯಲ್ಲಿ ಕಾಯಿಕೊರಕವನ್ನು ಕೊಲ್ಲುವ ಜೀನ್ ಒಂದೇ ಇತ್ತು. ಹುಳ ಅದಕ್ಕೆ ಒಗ್ಗಿಬಿಟ್ಟೀತೆಂದು 2006ರಲ್ಲಿ ಎರಡು ಜೀನ್‌ಗಳ ಬೀಜ ಬಂತು. ಒಂದನ್ನು ದಾಟಿದ್ದು ಇನ್ನೊಂದಕ್ಕೆ ಸಿಕ್ಕಲಿ ಎಂಬ ಲೆಕ್ಕ. ಈ ವೈರಸ್ಸಿನ ವಿಷಯದಲ್ಲೂ ಲೆಕ್ಕ ಅದೇ. ತನ್ನ ಪ್ರತಿ ತೆಗೆಯುವಾಗ ಆದ ತಪ್ಪನ್ನು ಅದು ತಿದ್ದಿಕೊಳ್ಳುವುದಿಲ್ಲ, ಹಾಗಾಗಿ ದಿನಕ್ಕೊಂದು ವೇಷ. ಸೊಫೊಸ್ಬುವಿರ್ ಆ ಪ್ರತಿ ತೆಗೆಯುವ ಕಿಣ್ವವನ್ನು ತಡೆದರೆ, ಜೊತೆಗೆ ಕೊಡುವ ಡಕ್ಲಾಟಾಸ್ವಿರ್ ಅಥವಾ ವೆಲ್ಪಟಾಸ್ವಿರ್ ವೈರಸ್ಸಿನ ಇನ್ನೊಂದು ಪ್ರೋಟೀನನ್ನು ಹಿಡಿಯುತ್ತದೆ. ಹತ್ತಿಯಲ್ಲಿ ಗುಲಾಬಿ ಕಾಯಿಕೊರಕ ಎರಡೂ ಜೀನ್‌ಗಳನ್ನು ಗೆದ್ದಿತು, ನಿಜ. ಆದರೆ ಈ ವೈರಸ್ಸು ಎಚ್‌ಐವಿಯಂತೆ ನಮ್ಮ ಡಿಎನ್‌ಎಯೊಳಗೆ ಹೊಕ್ಕು ಅಡಗುವುದಿಲ್ಲ. ಹನ್ನೆರಡು ವಾರ ತಪ್ಪದೆ ಗುಳಿಗೆ ನುಂಗಿದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಪೂರ್ತಿ ಗುಣವಾಗುತ್ತಾರೆ.

ಹಾಗಾದರೆ ಇದನ್ನು ಗುಣಪಡಿಸಲು ಕಷ್ಟದ ರೋಗ ಎನ್ನುವುದೇಕೆ? 1989ರಲ್ಲಿ ಪತ್ತೆಯಾದ ಈ ವೈರಸ್ಸಿಗೆ ಬಹುಕಾಲ ಇಂಟರ್‌ಫೆರಾನ್ ಮತ್ತು ರೈಬಾವಿರಿನ್ ಅಷ್ಟೇ ಗತಿ. ವಾರವಾರ ಸೂಜಿ, ಜ್ವರ, ಖಿನ್ನತೆ, ರಕ್ತಹೀನತೆ. ಕೆಲವರಿಗೆ 48 ವಾರ ಹೀಗೆ ನರಳಿದರೂ ಗುಣವಾಗುತ್ತಿದ್ದವರು ಅರ್ಧದಷ್ಟೇ. ಆಗ ಸುಲಭವೆನಿಸಿದ್ದ ಜೀನೋಟೈಪ್ 3, ಅಂದರೆ ಭಾರತದಲ್ಲಿ ಹೆಚ್ಚಾಗಿರುವ ತಳಿಯೇ, ಹೊಸ ಗುಳಿಗೆಗಳ ಕಾಲದಲ್ಲಿ ಸಿರೋಸಿಸ್ ಆದವರಲ್ಲಿ, ಅಂದರೆ ಯಕೃತ್ತು ಗಡುಸುಗಟ್ಟಿದವರಲ್ಲಿ, ಮೊಂಡು ತಳಿ ಎನಿಸಿತು. ಮದ್ದು ಬದಲಾದರೆ ಕಷ್ಟದ ರೋಗಿಯ ವಿಳಾಸವೂ ಬದಲಾಗುತ್ತದೆ.

2013ರ ಕೊನೆಗೆ ಅಮೆರಿಕದಲ್ಲಿ ಸೊಫೊಸ್ಬುವಿರ್ ಬಂದಾಗ ಹನ್ನೆರಡು ವಾರಕ್ಕೆ 84,000 ಡಾಲರ್ ಬೆಲೆಯಿತ್ತು. 2015ರಿಂದ ಭಾರತದ ಕಂಪನಿಗಳೇ ತಯಾರಿಸತೊಡಗಿದವು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಗುಳಿಗೆ ಪುಕ್ಕಟೆಯಾಯಿತು.

ಈಗ ಉಳಿದ ಕಷ್ಟದಲ್ಲಿ ಬಹುಪಾಲು ನಮ್ಮ ತಡದಿಂದಲೇ ಹುಟ್ಟಿದ್ದು ಎಂಬುದು ನನ್ನ ವಾದ. ಸಿರೋಸಿಸ್ ಆಗಿ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ರೈಬಾವಿರಿನ್ ಸೇರಿಸಬೇಕು, ಇಲ್ಲವೇ 24 ವಾರ ಗುಳಿಗೆ ಕೊಡಬೇಕು. ಯಕೃತ್ತು ಆ ಸ್ಥಿತಿಗೆ ಬರಲು ಸಾಮಾನ್ಯವಾಗಿ ದಶಕಗಳೇ ಹಿಡಿಯುತ್ತವೆ, ಅಷ್ಟೂ ಕಾಲ ಕಾಯಿಲೆ ಮೈಯೊಳಗೆ ಸದ್ದಿಲ್ಲದೆ ಇರುತ್ತದೆ. ನಮ್ಮ ಕಡೆ ಕಾಮಣಿ ಎಂದರೆ ಕಣ್ಣು ಹಳದಿ, ಬೇರಿನ ರಸ, ಉಪ್ಪಿಲ್ಲದ ಪಥ್ಯ. ನಾಟಿ ಔಷಧದಿಂದ ವಾಸಿಯಾಯಿತೆನ್ನುವ ಕಾಮಣಿ ಬಹುತೇಕ ತಾನಾಗಿಯೇ ಇಳಿಯುವ ಹೆಪಟೈಟಿಸ್ ಎ ಅಥವಾ ಇ. ಸಿ ಸೋಂಕು ಹೆಚ್ಚಿನವರಲ್ಲಿ ಕಣ್ಣು ಹಳದಿ ಮಾಡುವುದೇ ಇಲ್ಲ.

ಹಾಗೆಂದು ಕುಂದಗೋಳ, ಕಲಘಟಗಿಯ ಹಳ್ಳಿಹಳ್ಳಿಯಲ್ಲಿ ಶಿಬಿರ ಹಾಕಿ ಎಲ್ಲರ ರಕ್ತ ತೆಗೆಯುವುದು ಜಾಣತನವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-4ರ ರಕ್ತಮಾದರಿಗಳಲ್ಲಿ ಈ ಸೋಂಕಿನ ಗುರುತು ಸಿಕ್ಕಿದ್ದು ಸಾವಿರಕ್ಕೆ ಸುಮಾರು ಮೂವರಲ್ಲಿ. ಸೋಂಕಿಲ್ಲದ ನೂರರಲ್ಲಿ ಒಬ್ಬರಿಗೆ ತಪ್ಪಾಗಿ ‘ಇದೆ’ ಎನ್ನುವ ಪರೀಕ್ಷಾ ಪಟ್ಟಿ ಬಳಸಿದರೂ, ಮೂವರನ್ನು ಹಿಡಿಯಲು ಹೋಗಿ ಹತ್ತು ಮನೆಗಳನ್ನು ಹೆದರಿಸಿದಂತಾಗುತ್ತದೆ. ಹುಡುಕಬೇಕಾದ ಜಾಗ ಬೇರೆ: ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಎಚ್‌ಐವಿ ಇರುವವರು, ದಾನಿಯ ರಕ್ತಕ್ಕೆ ಸಿ ಪರೀಕ್ಷೆ ಕಡ್ಡಾಯವಾಗುವ ಮೊದಲು ರಕ್ತ ಪಡೆದವರು, ಒಂದೇ ಸೂಜಿಯನ್ನು ಕುದಿಸಿ ಕುದಿಸಿ ಚುಚ್ಚುತ್ತಿದ್ದ ಕಾಲದ ಹಿರಿಯರು.

ಪಟ್ಟಿ ಪರೀಕ್ಷೆಯಲ್ಲಿ ‘ಇದೆ’ ಎಂದು ಬಂದ ಮೇಲಿನದು ನಿಜವಾದ ಅಡ್ಡಿ. ಗುಣವಾದ ಮೇಲೂ ಪಟ್ಟಿ ಹಿಡಿಯುವ ಪ್ರತಿಕಾಯದ ಗುರುತು ರಕ್ತದಲ್ಲಿ ಉಳಿಯುವುದರಿಂದ ವೈರಸ್ಸಿನ ಆರ್‌ಎನ್‌ಎ ನೋಡಲೇಬೇಕು. ಬಿತ್ತನೆಯ ಹಂಗಾಮಿನಲ್ಲಿ ಕೂಲಿ ಬಿಟ್ಟು, ನೋವಿಲ್ಲದ ಕಾಯಿಲೆಗಾಗಿ ಮತ್ತೆ ಮತ್ತೆ ಹುಬ್ಬಳ್ಳಿ ಬಸ್ಸು ಹತ್ತುವವರು ಯಾರು? ರೋಗಿಯ ಬದಲು ರಕ್ತದ ಮಾದರಿ ಪ್ರಯಾಣಿಸಲಿ. ಕ್ಷಯದ ಪತ್ತೆಗೆ ಬಳಸುವ ಟ್ರೂನ್ಯಾಟ್ ಯಂತ್ರದಲ್ಲಿ ಇದರ ಆರ್‌ಎನ್‌ಎ ಪರೀಕ್ಷೆಯೂ ಆಗುತ್ತದೆ, ಬೇರೆ ಚಿಪ್ ಹಾಕಿದರೆ ಸಾಕು. ಯಕೃತ್ತು ಎಷ್ಟು ಗಡುಸಾಗಿದೆ ಎಂದು ಅಂದಾಜಿಸಲು ಎಎಸ್‌ಟಿ ಮತ್ತು ಪ್ಲೇಟ್‌ಲೆಟ್ ಎಣಿಕೆಯಿಂದ ಒಂದು ಸರಳ ಲೆಕ್ಕವಿದೆ, ತಾಲೂಕು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಅದು ಮೀರಿದ್ದಲ್ಲ.

ತಜ್ಞರಿಲ್ಲದೆ ಇಂಥ ಔಷಧ ಕೊಡಬಹುದೇ ಎಂಬ ಆಕ್ಷೇಪದಲ್ಲಿ ತೂಕವಿದೆ. ಕ್ಷಯದ ರಿಫಾಂಪಿಸಿನ್ ಈ ಗುಳಿಗೆಗಳ ಬಲ ಕುಗ್ಗಿಸುತ್ತದೆ. ನಾವು ಬೆಳಗಾದರೆ ನುಂಗುವ ಗ್ಯಾಸಿನ ಗುಳಿಗೆ ಹೊಟ್ಟೆಯ ಆಮ್ಲ ಇಳಿಸಿ ವೆಲ್ಪಟಾಸ್ವಿರ್ ಮೈಗೆ ಹತ್ತದಂತೆ ಮಾಡುತ್ತದೆ. ಮೊದಲ ಸುತ್ತಿನಲ್ಲಿ ಸೋತವರಿಗೆ ವೋಕ್ಸಿಲಾಪ್ರೆವಿರ್ ಎಂಬ ಮೂರನೆಯ ಮದ್ದು ಸೇರಿಸುವ ತೀರ್ಮಾನವನ್ನಂತೂ ತಜ್ಞರೇ ಮಾಡಬೇಕು. ಆದರೆ ಸಿರೋಸಿಸ್ ಇಲ್ಲದ, ಮೊದಲ ಸಲ ಚಿಕಿತ್ಸೆ ಪಡೆಯುವ ರೋಗಿಗೆ ಏನೇನು ಗುಳಿಗೆ ನುಂಗುತ್ತೀರಿ ಎಂದು ಕೇಳಿ, ಎಚ್ಚರದಿಂದ ಮದ್ದು ಶುರುಮಾಡುವುದು ತರಬೇತಿ ಪಡೆದ ತಾಲೂಕು ವೈದ್ಯರಿಂದ ಆಗುವ ಕೆಲಸ. ಅಂಥವರೆಲ್ಲ ತಾಲೂಕಿನಲ್ಲೇ ಗುಣವಾದರೆ ದೊಡ್ಡ ದವಾಖಾನೆಯ ತಜ್ಞರಿಗೆ ಹೊಟ್ಟೆ ಉಬ್ಬಿ ಬಂದವರನ್ನು ನೋಡಲು ಬಿಡುವು ಸಿಗುತ್ತದೆ. ಸಿರೋಸಿಸ್ ಆದವರನ್ನಂತೂ ವೈರಸ್ಸು ಹೋದ ಮೇಲೂ ಬಿಡುವಂತಿಲ್ಲ. ಯಕೃತ್ತಿನ ಕ್ಯಾನ್ಸರ್ ಬಂದೀತೆಂದು ಆರು ತಿಂಗಳಿಗೊಮ್ಮೆ ಅವರ ಸ್ಕ್ಯಾನಿಂಗ್ ಆಗುತ್ತಲೇ ಇರಬೇಕು.