ಶಕ್ತಿಗೆ ತಕ್ಕ ತ್ಯಾಗ, ಶಕ್ತಿಗೆ ತಕ್ಕ ತಪ

ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನದಲ್ಲಿ, ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲಿ, ನೃಪತುಂಗ ಬೆಟ್ಟದ ಏರಿನಲ್ಲಿ ಬೆಳಕು ಹರಿಯುವ ಮುನ್ನವೇ ಓಡುವವರು ಕಾಣಸಿಗುತ್ತಾರೆ. ಸೇನಾ ಭರ್ತಿಯ 1.6 ಕಿಲೊಮೀಟರ್ ಓಟಕ್ಕೆ ಸಿದ್ಧರಾಗುವ ತರುಣರೂ ಅವರಲ್ಲಿದ್ದಾರೆ. ಸೈನ್ಯ ಸೇರುವ ಉದ್ದೇಶವಿಲ್ಲದೆ, ಸೈನಿಕನಂತೆ ದೇಹವನ್ನು ದಣಿಸಿ ಸತ್ಕಾರ್ಯಕ್ಕೆ ಹಣ ಕೂಡಿಸುವ ಇನ್ನೊಂದು ಪದ್ಧತಿಯೂ ಕನ್ನಡ ನಾಡಿಗೆ ಹೊಸದಲ್ಲ. 1981ರಲ್ಲಿ ಹಾಂಗ್‌ಕಾಂಗ್‌ನ ಬೆಟ್ಟಗಳಲ್ಲಿ ಗೂರ್ಖಾ ಸೈನಿಕರ ತಾಲೀಮಾಗಿ ಆರಂಭಗೊಂಡ 100 ಕಿಲೊಮೀಟರ್ ನಡಿಗೆಯು 1986ರಲ್ಲಿ ಜನಸಾಮಾನ್ಯರಿಗೂ ತೆರೆದುಕೊಂಡಿತು. ‘ಟ್ರೇಲ್‌ವಾಕರ್’ ಎಂಬ ಹೆಸರಿನ ಆ ನಡಿಗೆ 2012ರಲ್ಲಿ ಬೆಂಗಳೂರಿಗೂ ಬಂದಿತು. ನಾಲ್ವರ ತಂಡ, 48 ಗಂಟೆಗಳ ಅವಧಿ. ಜೊತೆಯಾಗಿ ಹೊರಟು ಜೊತೆಯಾಗಿಯೇ ಗುರಿ ಮುಟ್ಟಬೇಕು. ಬಂಧುಮಿತ್ರರಿಂದ ದೇಣಿಗೆ ಸಂಗ್ರಹಿಸಬೇಕು.

ಇಂತಹ ದೇಹದಂಡನೆಯನ್ನು ತಪವೆನ್ನಬಹುದೇ? ಜೈನಾಗಮವು ಕಾಯಕ್ಲೇಶವನ್ನು ಆರು ಬಾಹ್ಯ ತಪಗಳಲ್ಲಿ ಒಂದೆಂದು ಎಣಿಸಿದೆ, ನಿಜ. ಆದರೆ ನೋವು ತಾನಾಗಿಯೇ ತಪವಾಗುವುದಿಲ್ಲ. ಹಾಗಾಗುವುದಿದ್ದರೆ ಅಮರಗೋಳದ ಮಾರುಕಟ್ಟೆಯಲ್ಲಿ ದಿನವಿಡೀ ಮೂಟೆ ಹೊರುವ ಹಮಾಲನೇ ಎಲ್ಲರಿಗಿಂತ ದೊಡ್ಡ ತಪಸ್ವಿಯಾಗಬೇಕಿತ್ತು!

ಇಲ್ಲಿ ಪೂಜ್ಯಪಾದಾಚಾರ್ಯರು ಮಾಡುವ ಒಂದು ಭೇದವನ್ನು ನೆನೆಯಬೇಕು. ತಾನಾಗಿ ಬಂದೊದಗುವ ಕಷ್ಟ ಪರೀಷಹ. ಸ್ವತಃ ಬರಮಾಡಿಕೊಳ್ಳುವ ಕಷ್ಟ ಕಾಯಕ್ಲೇಶ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮರಾಶಿಯಡಿ ಆರು ದಿನ ಜೀವ ಹಿಡಿದಿದ್ದರು. ಹೊರತೆಗೆದಾಗ ಉಸಿರಿತ್ತು, 11ರಂದು ದೆಹಲಿಯಲ್ಲಿ ಪ್ರಾಣ ಬಿಟ್ಟರು. ಆ ಹಿಮವನ್ನು ಅವರು ಕರೆದಿರಲಿಲ್ಲ. ಬೇಡವೆನಿಸಿದ ಗಳಿಗೆಯಲ್ಲಿ ನಿಲ್ಲಿಸಿ ಮನೆಗೆ ಮರಳುವ ಅವಕಾಶವಿರುವ ನಡಿಗೆಯನ್ನು ಸೈನಿಕನ ಸಹನೆಗೆ ಹೋಲಿಸುವವರು ಈ ಅಂತರವನ್ನು ಮರೆಯದಿದ್ದರೆ ಅರ್ಧ ಅಹಂಕಾರ ಅಲ್ಲೇ ಕರಗುತ್ತದೆ.

ಹಾಗೆಂದು ಸ್ವಯಂಕೃತ ಶ್ರಮ ನಿಷ್ಫಲವೆಂದಲ್ಲ. ತತ್ತ್ವಾರ್ಥಸೂತ್ರದ ಹದಿನಾರು ಭಾವನೆಗಳ ಪಟ್ಟಿಯಲ್ಲಿ ‘ಶಕ್ತಿತಸ್ತ್ಯಾಗ’ ಮತ್ತು ‘ಶಕ್ತಿತಸ್ತಪ’ ಅಕ್ಕಪಕ್ಕದಲ್ಲಿವೆ. ಕೊಡುವುದಕ್ಕೂ ದಂಡಿಸಿಕೊಳ್ಳುವುದಕ್ಕೂ ಅಳತೆ ಒಂದೇ: ಶಕ್ತಿ. ಇರುವ ಶಕ್ತಿಯನ್ನು ಬಚ್ಚಿಡಬಾರದು. ಇಲ್ಲದ ಶಕ್ತಿಯನ್ನು ನಟಿಸಲೂಬಾರದು. ತಾಲೀಮಿನ ನಿಜವಾದ ಪ್ರಯೋಜನ ಇಲ್ಲಿದೆ. ಐದು ಕಿಲೊಮೀಟರ್ ನಡೆದು ದಣಿದವನು ತಿಂಗಳುಗಳ ಅಭ್ಯಾಸದಿಂದ ಐವತ್ತಕ್ಕೆ ಬಂದಾಗ, ತಾನು ಇಷ್ಟು ದಿನ ಎಷ್ಟನ್ನು ಬಚ್ಚಿಟ್ಟಿದ್ದೆನೆಂದು ಅರಿಯುತ್ತಾನೆ. ಮೊಣಕಾಲು ಬಾತಾಗ ನಿಲ್ಲುವುದನ್ನೂ ಕಲಿಯುತ್ತಾನೆ. ಅಭ್ಯಾಸವಿಲ್ಲದೆ ಹುಮ್ಮಸ್ಸೊಂದನ್ನೇ ನಂಬಿ ಬಿಸಿಲಿನಲ್ಲಿ ಕುಸಿದು ಬೀಳುವುದು ಸಾಹಸವಲ್ಲ, ತನ್ನ ಮೇಲೆಯೇ ಎಸಗುವ ಹಿಂಸೆ.

ತ್ಯಾಗದ ಮಾತು ಇನ್ನಷ್ಟು ಸೂಕ್ಷ್ಮ. ಪರರ ಹಿತಕ್ಕಾಗಿ ತನ್ನದನ್ನು ಬಿಡುವುದು ದಾನ. ದೇಣಿಗೆ ನೀಡಿದವನು ತನ್ನ ಹಣ ಬಿಟ್ಟ; ನಡೆದವನು ಬಿಟ್ಟದ್ದೇನು? ಮುಂಜಾವಿನ ನಿದ್ದೆ, ಭಾನುವಾರಗಳು, ನಾಲಗೆಯ ಚಪಲ ಎನ್ನಬಹುದು. ಪದಕ, ಭಾವಚಿತ್ರ, ಹೊಗಳಿಕೆಗಳನ್ನು ಪ್ರತಿಫಲವಾಗಿ ಬಯಸಿದರೆ ಮಾತ್ರ ನಿದಾನವೆಂಬ ಶಲ್ಯ ಒಳಗೆ ಮುರಿದ ಮುಳ್ಳಿನಂತೆ ಉಳಿಯುತ್ತದೆ. ಭಾವಚಿತ್ರವನ್ನು ಕಂಡು ಇನ್ನಿಬ್ಬರು ದೇಣಿಗೆ ನೀಡುವುದಾದರೆ ಅದನ್ನು ಹಂಚುವುದರಲ್ಲಿ ದೋಷವಿಲ್ಲ. ಲೆಕ್ಕಪತ್ರವನ್ನೂ ಅಷ್ಟೇ ಧಾರಾಳವಾಗಿ ಹಂಚಬೇಕು.

ಶ್ರಾವಕರಿಗೆ ಇನ್ನೊಂದು ತೊಡಕಿದೆ. ಇರುಳಿಡೀ ನಡೆಯುವವರು ಇರುಳಲ್ಲಿ ಉಣ್ಣಲೇಬೇಕಾಗುತ್ತದೆ. ರಾತ್ರಿಭೋಜನ ತ್ಯಜಿಸಿದವನು ಬರಿಹೊಟ್ಟೆಯಲ್ಲಿ ನಡೆದರೆ ಶಕ್ತಿಯ ಎಲ್ಲೆ ಮೀರಿದಂತೆ. ಮುನಿಗಳ ವಿಹಾರವೇ ಇದಕ್ಕೆ ಮಾದರಿ. ಬರಿಗಾಲಲ್ಲಿ ಊರೂರು ದಾಟುವ ಅವರು ಚರ್ಯಾಪರೀಷಹವನ್ನು ಸಹಿಸುತ್ತಾರೆ. ಆದರೆ ಈರ್ಯಾಸಮಿತಿಯಂತೆ ನಾಲ್ಕು ಮೊಳ ಮುಂದಿನ ನೆಲ ನೋಡುತ್ತ ಹಗಲಿನಲ್ಲೇ ನಡೆಯುತ್ತಾರೆ, ಸಂಜೆಗೆ ನಿಲ್ಲುತ್ತಾರೆ. ಹುಬ್ಬಳ್ಳಿ–ಧಾರವಾಡಗಳ ನಡುವಿನ ಸುಮಾರು 20 ಕಿಲೊಮೀಟರ್ ದಾರಿಯನ್ನು ದಿನಕ್ಕೊಮ್ಮೆಯಂತೆ ಐದು ಹಗಲು ನಡೆದರೂ ನೂರಾಗುತ್ತದೆ. ಸಂಘಗಳು ಇಂತಹ ನಡಿಗೆಯನ್ನೇ ಏರ್ಪಡಿಸಿ, ಬಂದ ಹಣವನ್ನು ಬಡರೋಗಿಗಳ ಔಷಧದಾನಕ್ಕೆ ಕೊಡಬಹುದಲ್ಲವೇ?

ಗೂರ್ಖಾ ನಡಿಗೆಯಿಂದ ಉಳಿಸಿಕೊಳ್ಳಬೇಕಾದದ್ದು ನಾಲ್ವರೂ ಒಟ್ಟಿಗೆ ಮುಗಿಸಬೇಕೆಂಬ ನಿಯಮ. ಅದೇ ಹದಿನಾರರ ಪಟ್ಟಿಯಲ್ಲಿ ಮುಂದೆ ವೈಯಾವೃತ್ತ್ಯ, ಅಂದರೆ ಬಳಲಿದವರ ಸೇವೆ, ಬರುತ್ತದೆ. ಅದನ್ನು ಅಂತರಂಗ ತಪಗಳಲ್ಲೂ ಎಣಿಸಿದ್ದಾರೆ. ಗಟ್ಟಿಗನು ಬೇಗ ಮುಗಿಸುವ ಆಸೆ ಬಿಟ್ಟು, ಸಂಗಾತಿಯ ಪಾದದ ಬೊಕ್ಕೆ ತೊಳೆದು ಬಟ್ಟೆ ಕಟ್ಟುವಾಗ ಕಾಯಕ್ಲೇಶವು ಒಳಗಿನ ತಪವಾಗಿ ತಿರುಗುತ್ತದೆ. ಇದಕ್ಕೂ ತಾಲೀಮು ಬೇಕು. ಮೊದಲ ವಾರದಿಂದಲೇ ತಂಡವು ತನ್ನಲ್ಲಿ ಅತಿ ನಿಧಾನವಾಗಿ ನಡೆಯುವವನನ್ನು ಮುಂದೆ ಬಿಟ್ಟು, ಉಳಿದ ಮೂವರು ಅವನ ಹೆಜ್ಜೆಯ ಹಿಂದೆ ನಡೆದು ನೋಡಲಿ.